ವ್ಯೂಹರಾಯರ ಮಹಾಪಾಕ ವ್ಯೂಹ

“ಈ ರಜೆ ಮುಗಿಯೋದರೊಳಗೆ ಸಾಮ್ರಾಜ್ಯದ ಭೂಸೇನೆಯನ್ನ ಪೂರ್ತಿ ಒಂದು ಹದಕ್ಕೆ ತರದೇ ಇದ್ರೆ, ನನ್ನನ್ನ ಯಾರೂ ವ್ಯೂಹರಾಯ ಅಂತ ಕರೆಯೋದೇ ಬೇಡ!” ಎಂದು ವ್ಯೂಹರಾಯರು ಊಟದ ಮೇಜು ಗುದ್ದಿ ಸಾರಿದರು.

“ಮೇಜು ಗುದ್ದಬೇಡಿ. ಒಂದು ಕಾಲು ಮೊದಲೇ ಅಲ್ಲಾಡ್ತಿದೆ” ಎಂದಳು ಹೆಂಡತಿ.

ವ್ಯೂಹರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯವರು ಕಟ್ಟಿದ್ದು. ಭೂಸೇನಾ ವಿಂಗಡಣೆ ಕಚೇರಿಯಲ್ಲಿ ಅವರು ಹಿರಿಯ ಗುಮಾಸ್ತರು. ಚಹಾದ ಲೋಟಗಳನ್ನೂ ಸುಮ್ಮನೆ ಇಡುವ ಜನವಲ್ಲ. ಎರಡು ಮುಂದೆ, ನಾಲ್ಕು ಹಿಂದೆ, ಸಕ್ಕರೆ ಡಬ್ಬಿ ನಡುವೆ ಭದ್ರ! ಸಾಮ್ರಾಜ್ಯ ಎಂದರೆ ಜನಕ್ಕೆಲ್ಲ ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಹಡಗುಗಳೇ ನೆನಪಾಗುತ್ತವೆ, ಕಪ್ತಾನರ ಫಳಫಳ ಬೂಟುಗಳೇ ಕಾಣುತ್ತವೆ. ಆದರೆ ಹಡಗು ಎಷ್ಟು ಹಾರಿದರೇನು, ಕೊನೆಗೆ ಯಾರಾದರೂ ಕೆಳಗಿಳಿದು ಕೆಸರಿನಲ್ಲಿ ನಿಲ್ಲಬೇಕಲ್ಲ! ಹಾಗೆ ನಿಲ್ಲುವವರದು ಭೂಸೇನೆ. ಯಾರು ಯಾವ ಗ್ರಹದ ಕೆಸರಿನಲ್ಲಿ ನಿಲ್ಲಬೇಕು ಎಂದು ಹೇಳುವುದು ಕಚೇರಿಯ ಒಂದು ಹಲಗೆ.

ಆ ಹಲಗೆಯೇ ಈಗ ಅವರ ಊಟದ ಮೇಜಿನ ಮೇಲಿತ್ತು. ಅದನ್ನು ಕಚೇರಿಯ ಹೊಸ್ತಿಲು ದಾಟಿಸುವಂತಿಲ್ಲ. ಹೆಂಡತಿ ಮನೆಯ ಕೆಳಗಡೆಯೇ ಲಾಂಡ್ರಿ ನಡೆಸುತ್ತಿದ್ದಳು. ಆ ಲಾಂಡ್ರಿಯ ಚೀಲದಲ್ಲಿ, ಇಸ್ತ್ರಿಯಾದ ಹಾಸಿಗೆ ಹೊದಿಕೆಗಳ ನಡುವೆ ಬಚ್ಚಿಟ್ಟು ಕಳ್ಳಹೆಜ್ಜೆಯಲ್ಲಿ ತಂದಿದ್ದರು. ದೊಡ್ಡ ಪದವಿ ಬೇಕೆಂದರೆ ಇಷ್ಟಾದರೂ ಧೈರ್ಯ ಬೇಡವೇ?

“ದೀಪ ಆರಿಸು, ತೋರಿಸ್ತೀನಿ” ಎಂದರು.

ದೀಪ ಆರಿತು. ಹಲಗೆಯ ಮನೆಗಳು ಒಂದೊಂದಾಗಿ ಮಿನುಗತೊಡಗಿದವು. ಒಂದೊಂದು ಮನೆ ಹೆಸರು ಬರೆದ ಒಂದೊಂದು ಗ್ರಹ. ಅವುಗಳ ಮೇಲೆ ಬೆರಳ ತುದಿಯಷ್ಟು ಕಾಯಿಗಳು. ಒಂದೊಂದು ಕಾಯಿ ಒಂದೊಂದು ದಳ, ಅದರಲ್ಲಿ ಉಸಿರಾಡುವ, ಸೀನುವ, ಮನೆ ನೆನೆಯುವ ಸಾವಿರಾರು ಜನ! ಕೂದಲು ನರೆಯುವಷ್ಟು ವರ್ಷ ನೌಕರಿ ಮಾಡಿದರೂ ಕಾಯಿ ಮುಟ್ಟುವ ಮುಂಚೆ ವ್ಯೂಹರಾಯರು ಈಗಲೂ ಅಂಗೈ ಒರೆಸಿಕೊಳ್ಳುತ್ತಿದ್ದರು. ಅವರ ಜಂಬವೆಲ್ಲ ಬಾಯಲ್ಲಿತ್ತೇ ಹೊರತು ಬೆರಳಲ್ಲಿರಲಿಲ್ಲ.

“ನೀಲಿ ಕಾಲಾಳು, ಕೆಂಪು ಫಿರಂಗಿಯವರು, ಹಳದಿ ವಾದ್ಯದವರು, ಹಸಿರು ಅಡುಗೆಯವರು” ಎಂದು ಅವರು ಪಿಸುದನಿಯಲ್ಲಿ ವಿವರಿಸಿದರು. “ಸಂಜೆ ಗೋಪುರದ ಗಂಟೆ ಹೊಡೆದಾಗ ಕಾಯಿ ಎಲ್ಲಿರುತ್ತೋ ಅದೇ ಆಜ್ಞೆ. ಯಾಕೆ ಅಂತ ಚಕ್ರವರ್ತಿಗಳೂ ಕೇಳಂಗಿಲ್ಲ!”

ಹೆಂಡತಿಯೂ ಬೆರಗಾಗಿ ನೋಡುತ್ತಿದ್ದಳು. ಹಲಗೆಯತ್ತ ಬಾಗಿ, “ಇದರಲ್ಲಿ ನನ್ನ ತಮ್ಮ ಎಲ್ಲಿದ್ದಾನೆ?” ಎಂದಳು.

“ಹಸಿರು. ಅಡುಗೆ ದಳ.”

“ಯಾವ ಹಸಿರು?”

ವ್ಯೂಹರಾಯರು ಕೆಮ್ಮಿದರು. “ಯಾವುದೋ ಒಂದು ಹಸಿರು. ದಳಗಳ ಲೆಕ್ಕ ನನ್ನದು ಕಣೇ, ಒಬ್ಬೊಬ್ಬರ ಲೆಕ್ಕ ಅಲ್ಲ.”

“ಅವನ ಮುಖ ನೋಡಿ ಎಷ್ಟು ವರ್ಷವಾಯ್ತು ರೀ! ಫೋನಿನಲ್ಲಿ ‘ಅಕ್ಕಾ, ಇವತ್ತು ಅದು ಬೇಯಿಸಿದೆ, ಇದು ಹುರಿದೆ’ ಅಂತ ಹೇಳ್ತಾನೆ. ಆದರೆ ಒಂದೊಂದು ಸಲಕ್ಕೂ ಧ್ವನಿ ಸಣ್ಣಗಾಗ್ತಿದೆ. ಹೇಗೂ ಎಲ್ಲಾ ಜೋಡಿಸ್ತೀರಲ್ಲ, ಅವನ್ನ ಈ ಕಡೆ ಹಾಕಬಾರದಾ?”

“ಒಬ್ಬ ಭಾವಮೈದುನನಿಗೋಸ್ಕರ ವ್ಯೂಹ ಕೆಡಿಸೋದೇ?” ವ್ಯೂಹರಾಯರು ಎದ್ದೇ ನಿಂತರು. “ಸಾಮ್ರಾಜ್ಯದ ಕೆಲಸದಲ್ಲಿ ಸಂಬಂಧ ನೋಡಬಾರದು!”

ಹೆಂಡತಿ ಮರುಮಾತಾಡದೆ ಹೋಗಿ ಮಲಗಿದಳು. ಅವಳು ಜಗಳವಾಡಿದರೆ ಭಯವಿಲ್ಲ, ಸುಮ್ಮನಾದರೆ ಹುಷಾರಾಗಿರಬೇಕು. ಇಷ್ಟು ವರ್ಷ ಸಂಸಾರ ಮಾಡಿಯೂ ಈ ಸಣ್ಣ ವಿಷಯ ವ್ಯೂಹರಾಯರ ತಲೆಗೆ ಹತ್ತಿರಲಿಲ್ಲ.

ಮರುದಿನ ಬೆಳಗ್ಗೆಯಿಂದ ಅವರು ಹಲಗೆ ಬಿಟ್ಟು ಏಳಲಿಲ್ಲ. ಬಂಡಾಯಗಾರರ ಗಡಿಯ ಎದುರು ಅರ್ಧಚಂದ್ರ, ಅದರ ಬೆನ್ನಿಗೆ ಗರುಡ, ಗರುಡನ ಬಾಲಕ್ಕೆ ಏನು ಹಾಕಬೇಕೆಂದು ತಿಳಿಯದೆ ಮೀಸಲು ದಳ! ಮಧ್ಯಾಹ್ನದ ಊಟವಾದ ಮೇಲೆ, ಗರುಡನ ಕೊಕ್ಕು ಸ್ವಲ್ಪ ಸೊಟ್ಟಗಿದೆ ಎನ್ನಿಸಿದರೂ, ಕಣ್ಣೆಳೆದು ಒರಗಿಕೊಂಡರು. ರಜೆಯ ದಿನ ಹಲಗೆಗೂ ರಜೆ ಎಂಬುದು ಅವರ ನಂಬಿಕೆ. ಕಚೇರಿಗೆ ಬೀಗ ಬಿದ್ದ ಮೇಲೆ ಆಜ್ಞೆಯನ್ನು ಓದುವವರಾದರೂ ಯಾರು?

ಗಂಟೆಯ ಸದ್ದಿಗೆ ಎಚ್ಚರವಾಯಿತು. ಊಟದ ಕೋಣೆಗೆ ಬಂದು ನೋಡಿದರೆ ಅರ್ಧಚಂದ್ರ ಹಾಗೇ ಇದೆ, ಗರುಡನೂ ಇದ್ದಾನೆ. ಆದರೆ ಅವುಗಳ ನಡುವೆ ಒಂದೇ ಒಂದು ಹಸಿರು ಕಾಯಿ ಇಲ್ಲ! ಅಷ್ಟೂ ಹಸಿರು ಒಂದು ಮೂಲೆಯ ಒಂದೇ ಮನೆಯಲ್ಲಿ ರಾಶಿಬಿದ್ದಿದೆ. ಬಗ್ಗಿ ನೋಡಿದರು. ಅದು ಅವರು ನಿಂತಿದ್ದ ಗ್ರಹವೇ!

“ಇದನ್ನ ಯಾರೇ ಮುಟ್ಟಿದ್ದು?”

“ನಾನೇ” ಎಂದಳು ಹೆಂಡತಿ, ತಟ್ಟೆ ಒರೆಸುತ್ತ. “ಎಲ್ಲಾ ಬಣ್ಣ ಕಲಸಿಟ್ಟಿದ್ರಿ. ಹಸಿರನ್ನ ಬೇರೆ ತೆಗೆದೆ. ಅದು ಬಣ್ಣ ಬಿಡೋ ಜಾತಿ.”

“ಇದೇನು ನಿನ್ನ ಲಾಂಡ್ರಿ ಬುಟ್ಟಿಯಾ? ನನ್ನ ಪುಣ್ಯ, ಇವತ್ತು ರಜಾ. ಇಲ್ಲದಿದ್ರೆ ಏನಾಗ್ತಿತ್ತು ಗೊತ್ತಾ?”

ಏನಾಗುತ್ತಿತ್ತು ಎಂಬುದು ಅಷ್ಟರಲ್ಲಿ ಕಿಟಕಿಯ ಹೊರಗೆ ಆಗತೊಡಗಿತ್ತು.

ಮೊದಲು ಬೆಳಕು ಹೋಯಿತು. ಮೋಡವೆಂದುಕೊಂಡು ತಲೆಯೆತ್ತಿದರೆ ಹಡಗು. ಅದರ ಪಕ್ಕದಲ್ಲಿ ಹಡಗು, ಮೇಲೆ ಹಡಗು, ಹಿಂದೆ ಕಣ್ಣು ಹರಿದಷ್ಟೂ ಹಡಗು! ಸಾಮ್ರಾಜ್ಯದ ಹಡಗುಗಳಿಗೆ ದೂರವೆಂಬುದೇ ಇಲ್ಲ, ದೂರವೆಲ್ಲ ಕಡತಗಳಿಗೆ ಮಾತ್ರ. ಆ ಗ್ರಹಕ್ಕಿದ್ದ ಒಂದೇ ಇಳಿದಾಣ ಅವರ ಬೀದಿಯ ತುದಿಯಲ್ಲಿತ್ತು. ಬಾಗಿಲುಗಳು ತೆರೆದವು. ಏಪ್ರನ್ ಕಟ್ಟಿದ ಸೈನಿಕರು ಹೆಗಲ ಮೇಲೆ ಸೌಟು ಹೊತ್ತು, ಸಾಲುಸಾಲಾಗಿ, ಹೆಜ್ಜೆಗೆ ಹೆಜ್ಜೆ ಸೇರಿಸಿ ಇಳಿದರು. ಮನೆಯಷ್ಟು ದೊಡ್ಡ ಹಂಡೆಗಳು ಉರುಳುತ್ತ ಬಂದವು. ಕಾಯಿಯ ರೂಪದಲ್ಲಿ ದಿನವೂ ಎತ್ತಿ ಇಟ್ಟ ಜನ ಇವರೇ ಎಂದು ನೆನೆದು ವ್ಯೂಹರಾಯರಿಗೆ ಮೈ ಜುಮ್ಮೆಂದಿತು. ಆ ಮೇಲೆ ಮೆಲ್ಲಗೆ ಕಿಟಕಿ ಮುಚ್ಚಿದರು.

ಫೋನು ಹೊಡೆದುಕೊಂಡಿತು. ಕಚೇರಿಯ ದೊಡ್ಡ ಸಾಹೇಬರು!

“ಏನ್ರೀ ಇದು? ಎಲ್ಲಾ ಗಡಿಯಲ್ಲೂ ಬಂದೂಕಿದೆ, ಊಟ ಇಲ್ಲ!”

“ಅದು... ಹೊಸ ವ್ಯೂಹ ಸಾರ್” ಎಂದಿತು ವ್ಯೂಹರಾಯರ ನಾಲಿಗೆ, ಅವರನ್ನೇ ಕೇಳದೆ.

“ಏನು ಹೆಸರು?”

“ಮಹಾಪಾಕ ವ್ಯೂಹ ಸಾರ್. ನಾವೇನು ಮಾಡ್ತಿದ್ದೀವಿ ಅಂತ ಶತ್ರುವಿಗೆ ತಿಳಿಯಬಾರದು, ಅದೇ ಇದರ ಗುಟ್ಟು.”

“ಶತ್ರು ಹಾಳಾಗ್ಲಿ, ನನಗೇ ತಿಳೀತಿಲ್ಲವಲ್ಲ! ಇರೋ ಒಣ ರೊಟ್ಟಿ ನಾಳೆ ತನಕ ಬರುತ್ತೆ. ನಾಳೆ ಗಂಟೆಯೊಳಗೆ ಎಲ್ಲಾ ಮೊದಲಿದ್ದ ಹಾಗೆ ಆಗಬೇಕು. ಇಲ್ಲದಿದ್ರೆ ನಿಮ್ಮನ್ನೇ ಕಾಲಾಳು ಮಾಡಿ ಕೆಸರಿಗೆ ಇಳಿಸ್ತೀನಿ!”

ಫೋನು ಇಟ್ಟು ತಿರುಗಿದರೆ ಹೆಂಡತಿ ಇಲ್ಲ. ಚಪ್ಪಲಿ ಮೆಟ್ಟಿ ಬೀದಿಗಿಳಿದು ಆಗಲೇ ಗುಂಪಿನೊಳಗೆ ನುಗ್ಗಿದ್ದಳು. ಅವರೂ ಹಿಂದೆ ಓಡಿದರು.

ಸೈನ್ಯದ ಅಡುಗೆಯವರಿಗೆ ಸುಮ್ಮನೆ ನಿಂತು ಗೊತ್ತಿಲ್ಲ. ಇಳಿದ ಕೂಡಲೇ ಒಲೆ ಹೂಡಿದರು, ಈರುಳ್ಳಿ ಹೆಚ್ಚಲು ಕುಳಿತರು. ಅಷ್ಟು ಜನ ಒಟ್ಟಿಗೆ ಈರುಳ್ಳಿ ಹೆಚ್ಚಿದರೆ ಏನಾಗುತ್ತದೆ ಎಂದು ಪ್ರಪಂಚದಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಇಡೀ ಊರು ಅತ್ತಿತು! ಪೊಲೀಸಿನವನು ಅತ್ತ, ಕ್ಷೌರದವನು ಅತ್ತ, ಬಾಡಿಗೆ ಕೇಳಲು ಬಂದಿದ್ದ ಪಕ್ಕದ ಮನೆಯ ಮಾಲೀಕನೂ ಬಿಕ್ಕಿಬಿಕ್ಕಿ ಅತ್ತು ಬರಿಗೈಲಿ ವಾಪಸು ಹೋದ.

ಆ ಹೊಗೆಯಲ್ಲಿ, ಆ ಕಣ್ಣೀರಿನಲ್ಲಿ ಹೆಂಡತಿಯ ಕೂಗು ಕೇಳಿತು. “ಪುಟ್ಟಾ! ಲೋ ಪುಟ್ಟಾ!”

ಸಾಲಿಗೆ ಸಾಲೇ ತಿರುಗಿ ನೋಡಿತು. ಗಡ್ಡ ಬಂದವರು, ತಲೆ ಬೋಳಾದವರು, ಹಂಡೆ ಹೊತ್ತವರು, ಎಲ್ಲರೂ. ಅವರಲ್ಲಿ ಒಬ್ಬೊಬ್ಬರೂ ಎಲ್ಲೋ ಯಾರಿಗೋ ಪುಟ್ಟನೇ! ವ್ಯೂಹರಾಯರು ಕಣ್ಣೊರೆಸಿಕೊಂಡರು. ಅದು ಈರುಳ್ಳಿಯಿಂದ ಎಂದು ಅವರು ತಮಗೇ ಹೇಳಿಕೊಂಡರು.

“ನೀನು ಬೇಕಂತಲೇ ಮಾಡಿದ್ದಾ?” ಎಂದು ಅವಳ ತೋಳು ಹಿಡಿದು ಕೇಳಿದರು.

“ಬಣ್ಣ ಬೇರೆ ಮಾಡೋದಷ್ಟೇ ಆಗಿದ್ರೆ ಎಲ್ಲಾ ಬಣ್ಣಾನೂ ಬೇರೆ ಮಾಡ್ತಿರಲಿಲ್ವಾ? ಯಾವ ಹಸಿರು ಅಂತ ಕೇಳಿದೆ, ಗೊತ್ತಿಲ್ಲ ಅಂದ್ರಿ. ಅದಕ್ಕೇ ಎಲ್ಲಾ ತರಿಸಿದೆ.”

“ಒಬ್ಬನಿಗೋಸ್ಕರ ಇಷ್ಟು ಜನಾನ?”

“ನನಗಿರೋದು ಒಬ್ಬನೇ ಅಲ್ವೇ!”

ಇದಕ್ಕೆ ಎದುರು ನಿಲ್ಲುವ ವ್ಯೂಹ ವ್ಯೂಹರಾಯರಿಗೆ ಗೊತ್ತಿದ್ದವುಗಳಲ್ಲಿ ಒಂದೂ ಇರಲಿಲ್ಲ. ಅವರು ತೆಪ್ಪಗೆ ಅವಳ ಜೊತೆ ಹುಡುಕತೊಡಗಿದರು. ಆ ದಿನ ಸಿಗಲಿಲ್ಲ. ಮರುದಿನವೂ ಒಲೆಯಿಂದ ಒಲೆಗೆ ಅಲೆದರು. ಹೆಂಡತಿಯ ಧ್ವನಿ ಕೀರಲಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಲ್ಲರೂ ‘ದೊಡ್ಡ ಸೌಟು’ ಎಂದು ಕರೆಯುವ ಮುಖ್ಯ ಅಡುಗೆಯವನು ಸಿಕ್ಕಿದ. ಆಳು ಹಂಡೆಯಷ್ಟೇ ಅಗಲ.

“ಎಡಗೈಯವನು” ಎಂದಳು ಅವಳು. “ಮಾತಾಡೋ ಮುಂಚೆ ನಗ್ತಾನೆ.”

“ಓ, ಅವನಾ!” ದೊಡ್ಡ ಸೌಟು ಹಂಡೆಯ ಕೆಳಗಿನ ಉರಿ ತಗ್ಗಿಸಿದ. “ಅವನು ಅಡುಗೆಯವನಲ್ಲಮ್ಮ, ಫಿರಂಗಿಯವನು. ಮೊದಲಿನಿಂದಲೂ ಗಡೀಲೇ ಇದ್ದಾನೆ. ಅಕ್ಕ ಹೆದರ್ತಾಳೆ ಅಂತ ಅಡುಗೆಮನೇಲಿದ್ದೀನಿ ಅಂತ ಹೇಳಿದ್ದಾನೆ. ಫೋನು ಮಾಡೋ ಮುಂಚೆ ನನ್ನ ಹತ್ರ ಬಂದು, ‘ಅಣ್ಣಾ, ಇವತ್ತು ಏನು ಬೇಯಿಸಿದೆ?’ ಅಂತ ಕೇಳ್ಕೊಂಡು ಹೋಗ್ತಾನೆ.”

ಹೆಂಡತಿ ಅಲ್ಲೇ, ಮಗುಚಿಟ್ಟ ಹಂಡೆಯ ಮೇಲೆ ಕುಸಿದು ಕೂತಳು. ಅಳಲಿಲ್ಲ. ಅತ್ತಿದ್ದರೆ ವ್ಯೂಹರಾಯರಿಗೆ ಸಮಾಧಾನ ಮಾಡಲಾದರೂ ಬರುತ್ತಿತ್ತು. ಸೆರಗಿನ ಅಂಚು ಹಿಂಡುತ್ತ ತಲೆಯೆತ್ತಿ ಕೇಳಿದಳು.

“ರೀ, ಫಿರಂಗಿಯವರದು ಕೆಂಪಲ್ವಾ?”

ಗಂಟೆಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಇಬ್ಬರೂ ಏದುಸಿರು ಬಿಡುತ್ತ ಮನೆಗೆ ಬಂದರು. ಹಲಗೆ ಮಿನುಗುತ್ತಿತ್ತು. ಹಸಿರನ್ನು ಹಿಂದಕ್ಕೆ ಹಾಕಿದರೆ ನೌಕರಿ ಉಳಿಯುತ್ತದೆ. ಕೆಂಪನ್ನು ಮುಟ್ಟಿದರೆ ಕೆಸರು ಗ್ಯಾರಂಟಿ! ವ್ಯೂಹರಾಯರು ಹಸಿರು ರಾಶಿ ನೋಡಿದರು, ಕೆಂಪು ನೋಡಿದರು, ಹೆಂಡತಿಯನ್ನು ನೋಡಿದರು. ಅಂಗೈ ಒರೆಸಿಕೊಂಡು ಗರುಡನ ಕೊಕ್ಕಿಗೇ ಕೈ ಹಾಕಿದರು.

“ಯಾವ ಕೆಂಪು?” ಎಂದಳು ಅವಳು.

“ಗೊತ್ತಿಲ್ಲ ಕಣೇ” ಎಂದರು. ಇಷ್ಟು ವರ್ಷದಲ್ಲಿ ಈ ಹಲಗೆಯ ಮುಂದೆ ಅವರು ಆಡಿದ ಮೊದಲ ನಿಜ ಅದು. “ಎಲ್ಲಾ ತರ್ತೀನಿ.”

“ಅದರಲ್ಲೂ ಇಲ್ಲದಿದ್ರೆ? ನೀಲಿ, ಹಳದಿ ಎಲ್ಲಾ ಹಾಕಿಬಿಡಿ. ಹೊರಗೆ ಅಷ್ಟು ಅಡುಗೆ ಆಗಿದೆ, ಕೆಟ್ಟುಹೋಗುತ್ತೆ.”

“ಹಾಗಾದ್ರೆ ಗಡಿ?”

“ಗಡಿ ಎಲ್ಲಿಗೆ ಓಡಿಹೋಗುತ್ತೆ? ಅಲ್ಲೇ ಇರುತ್ತೆ.”

ಅರ್ಧಚಂದ್ರ ಹೋಯಿತು, ಗರುಡ ಹೋಯಿತು. ಇಬ್ಬರೂ ನಾಲ್ಕು ಕೈಯಲ್ಲಿ ಬಾಚಿ ಬಾಚಿ ಕಾಯಿಗಳನ್ನು ಒಂದೇ ಮನೆಗೆ ಸುರಿದರು. ಕೊನೆಯ ನೀಲಿ ರಾಶಿಗೆ ಬೀಳುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.

ಆಮೇಲೆ ನಡೆದದ್ದನ್ನು ನೋಡಿದವರು ಈಗಲೂ ಅದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ. ಆಕಾಶದಲ್ಲಿ ಆಕಾಶಕ್ಕೇ ಜಾಗ ಉಳಿಯಲಿಲ್ಲ. ಇಳಿದಾಣ ತುಂಬಿತು, ಬೀದಿ ತುಂಬಿತು, ಊರಾಚೆಯ ಬಯಲು ದಿಗಂತದ ತನಕ ತುಂಬಿತು. ಎಷ್ಟೋ ಲೋಕಗಳ ಮಣ್ಣನ್ನು ಬೂಟಿಗೆ ಮೆತ್ತಿಕೊಂಡು ಬಂದ ಜನ ಇಳಿದು, ಬಂದೂಕು ಕೆಳಗಿಟ್ಟು, ಮೊದಲು ಮೂಗರಳಿಸಿದರು, ಆಮೇಲೆ ತಟ್ಟೆ ಹಿಡಿದರು. ವಾದ್ಯದವರು ಯಾರೂ ಹೇಳದೆಯೇ ನುಡಿಸತೊಡಗಿದರು. ವ್ಯೂಹರಾಯರು ಮಹಡಿಯ ಕಟ್ಟೆ ಹಿಡಿದು ಬಾಯಿ ತೆರೆದು ನಿಂತೇ ಇದ್ದರು. ಭೂಸೇನೆ ಎಂದರೆ ಇಷ್ಟು ಮುಖಗಳು ಎಂದು ಹಲಗೆ ಅವರಿಗೆ ಒಂದು ದಿನವೂ ಹೇಳಿರಲಿಲ್ಲ.

ಕತ್ತಲಾಗುವ ಮುಂಚೆಯೇ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮೇಲೆತ್ತಿದ್ದ ಎಡಗೈ! ಮಾತಿಗೆ ಮುಂಚೆ ನಗು. ಹೆಂಡತಿ ಓಡಿಹೋಗಿ ಮೊದಲು ಅವನ ಕಿವಿ ಹಿಂಡಿದಳು. “ಹುರಿದೆ, ಬೇಯಿಸಿದೆ ಅಂತ ನನ್ನ ಹತ್ರ ಕಥೆ ಕಟ್ತಿದ್ದೆಯಾ?” ಆಮೇಲೆ ಅವನ ತಲೆಯನ್ನು ಎದೆಗೊತ್ತಿಕೊಂಡು, ಹಿಂದಿನ ದಿನದಿಂದ ತಡೆದಿದ್ದದ್ದನ್ನೆಲ್ಲ ಅತ್ತು ಮುಗಿಸಿದಳು.

ಫೋನು ಮತ್ತೆ ಹೊಡೆದುಕೊಂಡಿತು. ವ್ಯೂಹರಾಯರು ಕೆಸರಿಗೆ ಸಿದ್ಧರಾಗಿಯೇ ಎತ್ತಿಕೊಂಡರು.

“ಅದ್ಭುತ ಕಣ್ರೀ!” ದೊಡ್ಡ ಸಾಹೇಬರ ದನಿ ನಡುಗುತ್ತಿತ್ತು. “ಗಡಿ ಪೂರ್ತಿ ಖಾಲಿ ನೋಡಿ ಬಂಡಾಯಗಾರರು ಕಕ್ಕಾಬಿಕ್ಕಿ! ಇದರ ಹಿಂದೆ ಎಂಥದೋ ಘೋರ ತಂತ್ರ ಇದೆ ಅಂತ ಡೇರೆ ಕಿತ್ಕೊಂಡು ಓಡಿದ್ದಾರೆ. ಸಂಧಿಗೆ ಬರ್ತೀವಿ ಅಂತ ಹೇಳಿ ಕಳಿಸಿದ್ದಾರೆ. ಈ ವ್ಯೂಹ ಯಾರದು ಅಂತ ಚಕ್ರವರ್ತಿಗಳೇ ಕೇಳ್ತಿದ್ದಾರೆ!”

ಹೋಗಿದ್ದ ಜೀವವೆಲ್ಲ ವ್ಯೂಹರಾಯರ ಎದೆಗೆ ವಾಪಸು ಬಂತು, ಬಂದಿದ್ದು ಉಬ್ಬಿತು. “ನನ್ನದೇ ಸಾರ್” ಎಂದು ಊರಿಗೆಲ್ಲ ಕೇಳುವಂತೆ ಹೇಳಿ, ಫೋನು ಇಟ್ಟು, ಗತ್ತಿನಿಂದ ಭಾವಮೈದುನನ ಕಡೆ ತಿರುಗಿದರು.

ಅವನು ಅಕ್ಕ ಬಡಿಸಿದ್ದನ್ನು ಎಡಗೈಯಲ್ಲಿ ಗಬಗಬ ತಿನ್ನುತ್ತಿದ್ದ. ತುತ್ತು ನುಂಗಿ ಕೇಳಿದ.

“ಭಾವ, ಈ ಸಲ ಹಲಗೆ ಜೋಡಿಸಿದ್ದು ಯಾರು?”

“ಯಾಕಯ್ಯಾ?”

“ನೀವಲ್ಲ ಅಂತ ನಮ್ಮ ದಳಕ್ಕೆಲ್ಲ ಗೊತ್ತಾಯ್ತು, ಅದಕ್ಕೇ ಕೇಳ್ದೆ. ನಾನು ಸೇನೆ ಸೇರಿದ ಮೇಲೆ ಬಂದ ಆಜ್ಞೆಗಳಲ್ಲಿ ನಮಗೆ ಅರ್ಥ ಆಗಿದ್ದು ಇದೊಂದೇ!”