ಬಂಡೆಗಳಿಗೆ ಬಾಯಿ ಬಂದ ಭಾನುವಾರ

ಗಂಡ ಅಂದರೆ ಹೇಗಿರಬೇಕೆಂದು ಜಗತ್ತಿಗೇ ತೋರಿಸಿಬಿಡುತ್ತೇನೆಂದು ಆ ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಶಪಥ ಮಾಡಿದೆ!

ಮದುವೆಯಾದಾಗಿನಿಂದ ನನ್ನ ಹೆಂಡತಿ ಕೇಳಿದ್ದು ಒಂದೇ ಒಂದು. ಕಡಲ ದಂಡೆಯ ತುತ್ತತುದಿಯಲ್ಲಿರುವ ಲೈಟ್‌ಹೌಸ್ ಹತ್ತಬೇಕು, ಮೇಲೆ ನಿಂತು ಕಣ್ಣು ಹರಿಯುವಷ್ಟು ದೂರ ನೋಡಬೇಕು. ಪಾಪ, ಅವಳ ಕೆಲಸ ಬ್ಯಾಂಕಿನ ನೆಲಮಾಳಿಗೆಯಲ್ಲಿ. ಕಿಟಕಿಯಿಲ್ಲದ ಕೋಣೆ, ಸುತ್ತ ಕಬ್ಬಿಣದ ಕಪಾಟು. ದಿನವಿಡೀ ಅವಳ ಕಣ್ಣಿಗೆ ಬೀಳುವ ಅತಿ ದೂರದ ವಸ್ತುವೆಂದರೆ ಎದುರು ಗೋಡೆಯ ಕ್ಯಾಲೆಂಡರು. ಹಿಂದೆ ಹೊರಟಾಗಲೆಲ್ಲ ನನಗೆ ಆಫೀಸಿನಿಂದ ಕರೆ ಬಂದು ಪ್ರವಾಸ ನೀರುಪಾಲಾಗಿತ್ತು. ಈ ಸಲ ಗೈಡ್ ಸಮೇತದ ಪ್ರವಾಸಿ ಬಸ್ಸಿನಲ್ಲೇ ಸೀಟು ಹಿಡಿದಿದ್ದೆ.

"ರೀ, ಲೈಟ್‌ಹೌಸು ಐದು ಗಂಟೆಗೆ ಬಾಗಿಲು ಹಾಕ್ತಾರಂತೆ."

"ನಾನಿದ್ದೀನಲ್ಲೇ!" ಎಂದೆ ಎದೆ ತಟ್ಟಿಕೊಂಡು.

"ಅದೇ ಭಯ," ಎಂದಳು.

ಬಸ್ಸು ಕಡಿದಾದ ದಡದ ಅಂಚಿನಲ್ಲಿ ಬಳುಕುತ್ತ ಹೊರಟಿತು. ಬಲಗಡೆ ಬೆಟ್ಟ, ಎಡಗಡೆ ಪಾತಾಳ, ಪಾತಾಳದಲ್ಲಿ ನೊರೆ ಕಾರುವ ಸಮುದ್ರ. ಗೈಡಮ್ಮ ಮೈಕು ಹಿಡಿದು, "ನಿಮ್ಮ ಎಡಗಡೆ ಕಾಣ್ತಿರೋದು..." ಎಂದವರು ಏನು ಕಾಣುತ್ತಿದೆಯೆಂದು ಹೇಳದೆಯೇ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕುಸಿದು ಕೂತರು. ಕೆಲಸಕ್ಕೆ ಸೇರಿ ಅವತ್ತೇ ಮೊದಲ ದಿನವಂತೆ. ತಿರುವು ಬಂದರೆ ತಮಗೆ ವಾಂತಿಯೂ ಬರುತ್ತದೆಂದು ಅವರಿಗೂ ಅವತ್ತೇ ಗೊತ್ತಾಯಿತಂತೆ!

ಬಸ್ಸಿನಲ್ಲಿ ಮೌನ. ಇಲ್ಲಿ ನನ್ನ ಹೊಟ್ಟೆಪಾಡಿನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಒಂದು ಕಂಪನಿಯ ದೂರು ವಿಭಾಗದಲ್ಲಿ ಫೋನು ಎತ್ತುವವನು. ಸುಟ್ಟ ಇಸ್ತ್ರಿಪೆಟ್ಟಿಗೆ, ಅದಕ್ಕಿಂತ ಬಿಸಿಯಾದ ಗ್ರಾಹಕರು. ನಮ್ಮ ಮೇಲಧಿಕಾರಿಯದು ಒಂದೇ ಸುಗ್ರೀವಾಜ್ಞೆ: ಉತ್ತರ ಗೊತ್ತಿರಲಿ ಬಿಡಲಿ, ಲೈನು ಮಾತ್ರ ಖಾಲಿ ಬಿಡಕೂಡದು! ಹಾಗಾಗಿ ಎಲ್ಲಿ ಮೌನ ಕಂಡರೂ ನನ್ನ ನಾಲಿಗೆಗೆ ತುರಿಕೆ. ಹೆಂಡತಿ ನನ್ನ ಅಂಗಿಯ ತುದಿ ಹಿಡಿದು ಎಳೆಯುವಷ್ಟರಲ್ಲಿ ಮೈಕು ನನ್ನ ಕೈಯಲ್ಲಿತ್ತು.

"ಎಡಗಡೆ ಕಾಣ್ತಿರೋ ಎರಡು ಬಂಡೆಗಳು ಒಂದು ಕಾಲದಲ್ಲಿ ವಾರಗಿತ್ತಿಯರು! ಒಂದು ಬಕೆಟ್ಟಿಗೆ ಜಗಳ ಆಡಿ ಮಾತು ಬಿಟ್ರು. ಅವತ್ತಿಂದ ಇವತ್ತಿನವರೆಗೂ ಒಬ್ಬರ ಮುಖ ಒಬ್ಬರು ನೋಡಿಲ್ಲ!"

ಬಂಡೆಗಳೂ ಹೇಳಿ ಮಾಡಿಸಿದಂತೆ ಬೆನ್ನು ತಿರುಗಿಸಿ ನಿಂತಿದ್ದವು. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಮುಂದಿನ ಸೀಟಿನಲ್ಲಿ ಸ್ವೆಟರು ಹೆಣೆಯುತ್ತಿದ್ದ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು.

"ನನ್ನ ವಾರಗಿತ್ತೀನೂ ಹೀಗೇ ಕಣಪ್ಪಾ. ಡ್ರೈವರಣ್ಣ, ನಿಲ್ಸು! ಒಂದು ಫೋಟೋ ಹೊಡ್ದು ಅವಳಿಗೆ ಕಳಿಸ್ಬೇಕು."

ಬಸ್ಸು ನಿಂತಿತು. ಎಲ್ಲರೂ ಇಳಿದರು, ಎಲ್ಲರೂ ಫೋಟೋ ಹೊಡೆದರು, ಯಾರಿಗೂ ಹತ್ತುವ ಅವಸರವಿರಲಿಲ್ಲ. ಆಮೇಲೆ ನನ್ನ ಪ್ರತಿಭೆಗೆ ಬ್ರೇಕೇ ಇಲ್ಲ. ಬ್ರೇಕೆಲ್ಲ ಬಸ್ಸಿಗೆ! ಎರಡು ದಿನಕ್ಕೆಂದು ಬಂದು ಎದ್ದೇಳದೆ ಕಲ್ಲಾದ ಅಳಿಯನ ಬಂಡೆ. ನಿಲ್ಲಿಸಿ! ಮೇಲಧಿಕಾರಿಯನ್ನು ಎಷ್ಟು ಬೈದರೂ ನುಂಗಿಕೊಂಡು ಯಾರಿಗೂ ಹೇಳದ ಗುಹೆ. ನಿಲ್ಲಿಸಿ, ನಿಲ್ಲಿಸಿ! ಗುಹೆಯ ಮುಂದೆ ಸಾಲು ಬೆಳೆಯಿತು. ಗುಮಾಸ್ತರೊಬ್ಬರು ಬೈದು ಮುಗಿಸಿ, ತೃಪ್ತಿಯಾಗದೆ, ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತರು.

"ಸಾರ್, ಎಷ್ಟೋ ವರ್ಷದಿಂದ ಇದೇ ದಾರೀಲಿ ಓಡಿಸ್ತಿದ್ದೀನಿ," ಎಂದ ಡ್ರೈವರು ಬೆರಗಾಗಿ. "ಇವೆಲ್ಲ ಬರೀ ಕಲ್ಲು ಅಂದ್ಕೊಂಡಿದ್ದೆ!"

"ರೀ, ಸಾಕು. ಗಂಟೆ ನೋಡಿ," ಎಂದಳು ಹೆಂಡತಿ.

"ಐದೇ ನಿಮಿಷ ಕಣೇ!" ಎಂದೆ. ಮೈಕಿನಲ್ಲೇ ಎಂದೆ. ಬಸ್ಸೆಲ್ಲ ಗೊಳ್ಳೆಂದಿತು. ಅವಳು ಕಿಟಕಿಯತ್ತ ತಿರುಗಿ ಸುಮ್ಮನಾದಳು. ಅಷ್ಟು ದೊಡ್ಡ ಮಾತುಗಾರನಿಗೆ, ಆ ಒಂದು ಲೈನು ಖಾಲಿಯಾದದ್ದು ಮಾತ್ರ ತಿಳಿಯಲಿಲ್ಲ.

ತಿಳಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ನಾನು ಗಾಬರಿಯಾಗಿ, "ಮುಂದಿನದು ಬರೀ ಬಂಡೆ, ಕಥೆಗಿಥೆ ಏನಿಲ್ಲ, ನಡೀರಿ ಹೋಗೋಣ!" ಎಂದೆ.

"ಬರೀ ಬಂಡೇನಾ?" ಅಜ್ಜಿ ಸೂಜಿ ಕೆಳಗಿಟ್ಟರು. "ಏನೋ ಪೋಲಿ ಕಥೆ ಇರ್ಬೇಕು, ಮುಚ್ಚಿಡ್ತಿದ್ದಾನೆ. ಹೇಳಪ್ಪಾ, ನಾವೇನು ಎಳೆ ಮಕ್ಕಳಾ?"

ಕಥೆ ಹೇಳುವವರೆಗೂ ಬಸ್ಸು ಬಿಡಗೊಡಲಿಲ್ಲ. ಹೇಳಿದ ಮೇಲಂತೂ ಬಿಡಲೇ ಇಲ್ಲ!

ಲೈಟ್‌ಹೌಸ್ ತಲುಪಿದಾಗ ಗೇಟಿಗೆ ಬೀಗ. ಕಾವಲುಗಾರ ಸೈಕಲ್ ಹತ್ತುತ್ತಿದ್ದ. ಓಡಿಹೋಗಿ ಹ್ಯಾಂಡಲ್ ಹಿಡಿದುಕೊಂಡೆ. ಬೇಡಿದೆ, ಗೋಗರೆದೆ. ಆತ ತಾಳ್ಮೆಯಿಂದ ಕೇಳಿಸಿಕೊಂಡು, "ನಿಮ್ಮ ತೊಂದರೆ ನಮಗೆ ಅರ್ಥ ಆಗುತ್ತೆ ಸಾರ್. ನಾಳೆ ಬನ್ನಿ," ಎಂದ. ನಾನು ದಿನಕ್ಕೆ ನೂರು ಸಲ ಹೇಳುವ ವಾಕ್ಯ. ಅದು ಕಿವಿಗೆ ಬಿದ್ದರೆ ಹೇಗಿರುತ್ತದೆಂದು ಮೊದಲ ಸಲ ಅರಿವಾಯಿತು.

ಬಸ್ಸಿಗೆ ಮರಳಿದೆ. "ಸಾರ್, ಲೈಟ್‌ಹೌಸ್ ಕಥೆ!" ಎಂದು ಕೂಗಿದರು. ಮೈಕಿನತ್ತ ನನ್ನ ಕೈ ಹೋಗಲಿಲ್ಲ. ಆಗ ನನ್ನ ಹೆಂಡತಿ ಎದ್ದು ಬಂದು ಮೈಕು ತೆಗೆದುಕೊಂಡಳು.

"ಅಲ್ಲಿ ದಡದ ಕಂಬಿಬೇಲಿಯ ಆಚೆ ಬೋಳು ಬಂಡೆ ಇದೆಯಲ್ಲ, ಅದು ಒಂದು ಕಾಲದಲ್ಲಿ ಒಬ್ಬಳ ಗಂಡ. ಲೈಟ್‌ಹೌಸು ತೋರಿಸ್ತೀನಿ ಅಂತ ಹೆಂಡತೀನ ಕರ್ಕೊಂಡು ಬಂದ. ದಾರಿಯುದ್ದಕ್ಕೂ ಮಾತಾಡ್ದ. ಸಾಕು ಅಂದ್ರೆ ಐದೇ ನಿಮಿಷ ಅಂದ. ಇಲ್ಲಿಗೆ ಬಂದಾಗ ಬಾಗಿಲು ಹಾಕಿತ್ತು. ನಿಂತಲ್ಲೇ ಕಲ್ಲಾದ."

"ಅಯ್ಯೋ! ಹೆಂಡತಿ ಏನಾದ್ಲಮ್ಮಾ?" ಅಜ್ಜಿ ಹೆಣಿಗೆ ಬಿಟ್ಟು ಮುಂದೆ ಬಾಗಿದರು.

"ಮುಂದಿನ ಭಾನುವಾರ ಒಬ್ಬಳೇ ಬಂದು ಹತ್ತಿದ್ಲು. ಮೇಲಿಂದ ನೋಡಿದ್ರೆ ಎಷ್ಟು ಚೆನ್ನಾಗಿತ್ತಂತೆ! ಈ ಬಂಡೆ ಕಣ್ಣಿಗೇ ಬೀಳ್ಲಿಲ್ಲವಂತೆ."

ನನಗೆ ಬಿದ್ದ ಚಪ್ಪಾಳೆಗಳನ್ನೆಲ್ಲ ಕೂಡಿಸಿದರೂ ಅದರ ಮುಂದೆ ಏನೂ ಅಲ್ಲ! ಬಸ್ಸಿನಲ್ಲಿದ್ದವರೆಲ್ಲ ಫೋಟೋಗೆ ಕೆಳಗಿಳಿದರು. ಯಾರಿಗೂ ಮುಖ ತೋರಿಸಲಾಗದೆ ನಾನು ಆ ಕಂಬಿಬೇಲಿ ಹಿಡಿದು ಕತ್ತಲಾಗುತ್ತಿದ್ದ ಸಮುದ್ರದ ಕಡೆ ನೋಡುತ್ತ ನಿಂತೆ. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು:

"ಮಬ್ಬಲ್ಲಿ ನಂಗೆ ಎರಡು ಬಂಡೆ ಕಾಣ್ತಿವೆಯಲ್ಲಮ್ಮಾ. ಇದ್ರಲ್ಲಿ ಗಂಡ ಯಾವುದು?"

"ಯಾವುದರ ಫೋಟೋ ಆದ್ರೂ ತೆಗೀರಿ ಅಜ್ಜಿ," ಎಂದಳು ನನ್ನವಳು, "ಎರಡೂ ಒಂದೇ!"