ಹೆಣಕ್ಕೆ ಬಂದ ಆಯೇರಿ

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಹೊಸದೇನೂ ಆಗುವುದಿಲ್ಲ ಎನ್ನುವವರು ಒಂದು ಬೇಸಿಗೆ ನಾಟಕ ಕಲಿಯಲು ಹೋಗಿ ನೋಡಲಿ. ನನಗಂತೂ ದಿನಕ್ಕೊಂದು ಆಗುತ್ತಿತ್ತು, ಕೆಲವು ದಿನ ಊಟಕ್ಕೆ ಮೊದಲೇ ಎರಡಾಗುತ್ತಿದ್ದವು!

ಭರ್ತಿ

ಸಿಂಧನೂರಿನಲ್ಲಿ ಯುವ ನಟರಿಗೆ ತರಬೇತಿ ಎಂದು ಕೇಳಿದ್ದೇ ತಡ, ಹೊಸ ಜುಬ್ಬಾ ಹೊಲಿಸಿಕೊಂಡು ಹೋದೆ. ಕಲಿಸುವ ಮೇಡಂ ನನ್ನ ಮಗಳ ವಯಸ್ಸಿನವರು. ನನ್ನ ಹಿಂದೆ ಮುಂದೆ ಹುಡುಕಿ, "ಮೊಮ್ಮಗನ್ನ ಬಿಡಾಕ ಬಂದೀರೇನ್ರಿ?" ಎಂದರು.

"ಇಲ್ರಿ, ನನ್ನ ನಾನ ಕರಕೊಂಡು ಬಂದೀನಿ."

ಯುವ ನಟರಿಗೆ ಎಂದು ಬೋರ್ಡು ಹಾಕಿದೆಯಲ್ಲ ಎಂದರು. ನಟನೆಯಲ್ಲಿ ನಾನು ಇವತ್ತು ಹುಟ್ಟಿದ ಕೂಸು, ನನಗಿಂತ ಯುವ ನಟ ನಿಮಗೆಲ್ಲಿ ಸಿಗುತ್ತಾನೆ ಎಂದೆ. ಅನುಭವವೇನಾದರೂ ಇದೆಯೇ ಎಂದು ಕೇಳಿದರು.

"ಕಾಲುವಿ ಆಫೀಸಿನ್ಯಾಗ ಸರ್ವಿಸ್ ಮಾಡೀನ್ರಿ. ಕೊನೀ ಹೊಲದ ರೈತರಿಗೆ ನಾಳೆ ನೀರು ಬರ್ತದ ಅಂತ ನಗಲಾರದ ಹೇಳೀನಿ."

ಅಲ್ಲೇ ಭರ್ತಿಯಾಯಿತು.

ಲಿಂಗಸುಗೂರಿನ ಕಾವಲುಗಾರ

ಇಪ್ಪತ್ತರ ಹುಡುಗ ಹುಡುಗಿಯರ ಜೊತೆ ನೆಲದಲ್ಲಿ ಉರುಳಿದೆ, ಮರವಾದೆ, ಎಮ್ಮೆಯಾದೆ, ಉಸಿರು ಬಿಗಿಹಿಡಿಯುವುದನ್ನು ಕಲಿತೆ. ಎಲ್ಲರೂ 'ಕಾಕಾ' ಎನ್ನುತ್ತಿದ್ದರು. ನನಗೆ ಬೇಕಾಗಿದ್ದುದು ಒಂದೇ, ಮಾತಿರುವ ಪಾತ್ರ. ಸಿಕ್ಕಿದ್ದು ಬಾಯಿಲ್ಲದ ಕಾವಲುಗಾರ. ರಾಜ ಬಂದರೆ ಈಟಿ ಎತ್ತಬೇಕು, ಹೋದರೆ ಇಳಿಸಬೇಕು.

ಲಿಂಗಸುಗೂರಿನ ಆಟದಲ್ಲಿ ಈಟಿ ಎತ್ತಿ ನಿಂತಿದ್ದೇನೆ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹಳೆಯ ಸಹೋದ್ಯೋಗಿ ಕೈಮುಗಿದರು. ಕೈಮುಗಿದವರಿಗೆ ಉತ್ತರ ಕೊಡದಿದ್ದರೆ ಹೇಗೆ? ಈಟಿ ಕಂಕುಳಲ್ಲಿ ಹಿಡಿದು ನಾನೂ ಕೈಮುಗಿದೆ. ಆರಾಮವೇ ಎಂದೆ. ಪೆನ್ಶನ್ ಆಯಿತೇ ಎಂದೂ ಕೇಳಿದೆ. ರಾಜನ ಪಾತ್ರದ ಹುಡುಗ ತನ್ನ ಮಾತು ಮರೆತು ನಮ್ಮಿಬ್ಬರ ಮುಖ ನೋಡುತ್ತ ನಿಂತ. ನಾನೇ ಅವನಿಗೆ ಹೇಳಿಕೊಟ್ಟೆ: "ನೀ ಮುಂದುವರಸೋ, ನಮ್ಮದು ಮುಗೀತು."

ಬಡ್ತಿ

ಮರುದಿನ ಮೇಡಂ ನನ್ನನ್ನು ಹೆಣ ಮಾಡಿದರು. ಮಸ್ಕಿಯ ಆಟದಲ್ಲಿ ಕಡೆಯ ದೃಶ್ಯ ಪೂರ್ತಿ ಸತ್ತು ಬಿದ್ದಿರಬೇಕು. ಜೊತೆಗೊಂದು ಮಾತನ್ನೂ ಕೊಟ್ಟರು: "ಸರ್, ಪರದೆ ಬೀಳೂ ತನಕ ಬಾಯಿ ಬಿಡಲಿಲ್ಲ ಅಂದ್ರ, ಮುಂದಿನ ನಾಟಕದಾಗ ಮಾತಿರೋ ಪಾತ್ರ ನಿಮಗ."

ಜೀವ ಪಣಕ್ಕಿಟ್ಟು ಸಾಯಲು ಕೂತೆ. ಆದರೆ ಹುಡುಗರು ಬಿಡಬೇಕಲ್ಲ! ತಾಲೀಮಿನಲ್ಲಿ ನಾನು ಸತ್ತು ಮಲಗಿದ್ದಾಗ ಸುತ್ತ ಕೂತು, ಸಿಂಧನೂರಿನಿಂದ ಹೊರಟರೆ ಲಿಂಗಸುಗೂರು ದಾಟಿದ ಮೇಲೆ ಮಸ್ಕಿ ಬರುತ್ತದೆ ಎಂದು ಮಾತಾಡಿಕೊಂಡರು. ಎಷ್ಟು ಹೊತ್ತು ತಡೆದುಕೊಳ್ಳಲಿ? ಎದ್ದು ಕೂತೆ.

"ಯಾವನಲೇ ಅಂದಾಂವ? ಮಸ್ಕಿ ಮೊದಲ ಬರ್ತದ."

ಮನೆಯಲ್ಲಿ ಹೆಂಡತಿಗೆ ಹೆಣದ ವಿಷಯ ಹೇಳಿದರೆ, "ನೀವು ಸುಮ್ಮನ ಮಕ್ಕೋತೀರಿ? ಕಣ್ಣಿಲೆ ನೋಡಿದರ ನಂಬ್ತೀನಿ," ಎಂದಳು. ನೋಡಲು ಬರುವುದಷ್ಟೇ ಅಲ್ಲ, ಬಳಗಾನೂರಿನ ಬೀಗರನ್ನೂ, ಅಂದರೆ ನಮ್ಮ ಮಗಳ ಮಾವನವರನ್ನೂ ಕರೆದಳು.

ಮಸ್ಕಿ

ನಮ್ಮ ಕಡೆ ನಾಟಕದ ನಡುವೆಯೇ ಬಂಧುಗಳು ರಂಗದ ಮೇಲೆ ಬಂದು ಪಾತ್ರಧಾರಿಗೆ ಶಾಲು ಹೊದಿಸಿ ಹಾರ ಹಾಕುತ್ತಾರೆ. ಆಯೇರಿ ಎನ್ನುತ್ತೇವೆ. ರಾಜನೇ ಇರಲಿ, ರಾಕ್ಷಸನೇ ಇರಲಿ, ಕತ್ತಿ ಕೆಳಗಿಟ್ಟು ಕೈಮುಗಿದು ಇಸಿದುಕೊಂಡು ಆಮೇಲೆ ಯುದ್ಧಕ್ಕೆ ಹೋಗಬೇಕು.

ನಾನು ಸತ್ತಿದ್ದೆ. ಅಮೋಘವಾಗಿ ಸತ್ತಿದ್ದೆ. ಅಷ್ಟರಲ್ಲಿ ಮೆಟ್ಟಿಲು ಸದ್ದಾಯಿತು. ಅರೆಗಣ್ಣಲ್ಲಿ ನೋಡಿದರೆ ಬೀಗರು, ಕೈಯಲ್ಲಿ ಶಾಲು, ಹಾರ! ಹೊದಿಸಿದರು, ಎದೆಯ ಮೇಲೆ ಹಾರವಿಟ್ಟರು. ನಾನು ಏಳುತ್ತೇನೆಂದು ಕಾದರು. ಎದ್ದರೆ ಪಾತ್ರ ಹೋಗುತ್ತದೆ, ಏಳದಿದ್ದರೆ ಬೀಗತನ ಹೋಗುತ್ತದೆ. ನಾನು ಪಾತ್ರವನ್ನೇ ಹಿಡಿದೆ.

ಬೀಗರ ದನಿ ಗಡುಸಾಯಿತು. "ಮಾತು ಸೈತ ಆಡವಲ್ರು. ನಾವೇನು ತಪ್ಪು ಮಾಡೀವ್ರಿ?"

ಕೆಳಗಿನಿಂದ ಹೆಂಡತಿಯ ದನಿ: "ಸಿಟ್ಟಾಗಬ್ಯಾಡ್ರಿ ಬೀಗರ. ಮದುವಿ ಆದಾಗಿಂದ ಅವರು ಇಷ್ಟೊತ್ತು ಸುಮ್ಮನಿದ್ದದ್ದು ನಾ ನೋಡಿಲ್ಲ. ಖರೇನ ಏನರ ಆಗ್ಯದೇನ ನೋಡ್ರಿ."

ಬೀಗರು ನನ್ನ ಮೂಗಿನ ಹತ್ತಿರ ಬೆರಳು ಹಿಡಿದರು. ನಾನು ಕಲಿತ ವಿದ್ಯೆ ಬಿಡುವವನೇ? ಉಸಿರು ಬಿಗಿಹಿಡಿದೆ.

"ಉಸುರಿಲ್ಲ," ಎಂದು ಬೀಗರು ಕೂತೇಬಿಟ್ಟರು.

ಜನ ಎದ್ದು ನಿಂತರು. ಹೆಂಡತಿ ರಂಗ ಹತ್ತಿ ಬಂದು ನನ್ನ ಎದೆಯ ಮೇಲೆ ಬಿದ್ದು ಅಳತೊಡಗಿದಳು: "ಬಾಯಿ ಮುಚ್ರಿ ಬಾಯಿ ಮುಚ್ರಿ ಅಂತ ಜೀವ ತಿಂದೆನಲ್ರೀ... ಏಳ್ರಿ, ದಿನಾ ಪೂರ್ತಿ ಮಾತಾಡ್ರಿ, ನಾ ಏನಂದರ ಕೇಳ್ರಿ."

ಇಂಥ ಅವಕಾಶ ಯಾವ ನಾಟಕದಲ್ಲಿ ಸಿಗುತ್ತದೆ? ಒಂದು ಕಣ್ಣು ತೆರೆದೆ.

"ಇಷ್ಟು ಮಂದಿ ಮುಂದ ಅಂದೀ. ತಿರುಗಿ ಬೀಳಬ್ಯಾಡ ಮತ್ತ."

ಅಳುತ್ತಿದ್ದವಳು ಕಣ್ಣೊರೆಸಿಕೊಂಡು, ಆ ಹಾರದಿಂದಲೇ ನನ್ನನ್ನು ಹೊಡೆಯುತ್ತ, ನನಗಷ್ಟೇ ಅಲ್ಲ, ರಾಜನಿಗೂ ಮೇಡಮ್ಮಿಗೂ ಬೈಯತೊಡಗಿದಳು. ಮಸ್ಕಿಯ ಜನ 'ವನ್ಸ್ ಮೋರ್' ಎಂದು ಕುರ್ಚಿ ಬಡಿದರು. ಬೀಗರೂ ಕೂಗಿದರು. ನಾನು ಸಂತೋಷದಿಂದ ಮತ್ತೆ ಸತ್ತೆ.

ಪರದೆ ಬಿದ್ದ ಮೇಲೆ ಮೇಡಂ ಕಣ್ಣಲ್ಲಿ ನೀರು ಬರುವಂತೆ ನಗುತ್ತ ಬಂದರು. ಮುಂದಿನ ನಾಟಕದಲ್ಲಿ ಮಾತಿರುವ ಪಾತ್ರ ಕೊಟ್ಟೇಬಿಟ್ಟರು, ಅದೂ ಮೊದಲಿಂದ ಕೊನೆಯವರೆಗೆ ಮಾತೇ ಮಾತು.

ನನ್ನ ಹೆಂಡತಿಗೆ.