ಡೆಲ್ಬರ್ಟ್ ರಕ್‌ಮನ್ನನ ಎದೆನೋವಿನ ಬಗ್ಗೆ ಚರ್ಚಾ ಸಂಘ ನೀಡಿದ ರೂಲಿಂಗ್

ಒಹಾಯೊ ರಾಜ್ಯದ ಪೆಟ್ರಿಸ್‌ವಿಲ್ ನಾಗರಿಕ ಚರ್ಚಾ ಸಂಘದ ನಿಯಮಾವಳಿ, ಹದಿನಾಲ್ಕನೆಯ ಕಲಮು: ಸದಸ್ಯರೊಬ್ಬರು ಭಾಷಣ ಮಾಡುತ್ತಿರುವಾಗ ಅವರನ್ನು ಮೂರು ಕಾರಣಗಳಿಗಾಗಿ ಮಾತ್ರ ತಡೆಯಬಹುದು. ಒಂದು, ಬೆಂಕಿ. ಎರಡು, ಸುಂಟರಗಾಳಿ. ಮೂರು, ಕಾಫಿ ಮುಗಿದುಹೋಗುವುದು. ಬೇರಾವುದೇ ಕಾರಣಕ್ಕೆ ತಡೆದವರು ಐದು ಡಾಲರ್ ಕೊಡತಕ್ಕದ್ದು. ಎದೆನೋವಿನ ಪ್ರಸ್ತಾಪ ಕಲಮಿನಲ್ಲಿ ಇಲ್ಲ. ಇದು 1931ರಲ್ಲಿ ಕಲಮನ್ನು ಬರೆದವರ ತಪ್ಪೇನಲ್ಲ. ಆ ಕಾಲದ ಭಾಷಣಕಾರರ ಎದೆ ಗಟ್ಟಿಯಾಗಿತ್ತು.

ನಿಯಮಾವಳಿಯನ್ನು ಬಾಯಿಪಾಠ ಮಾಡಿಕೊಂಡಿದ್ದವನು ಸಂಘದ ಕಾರ್ಯದರ್ಶಿ ಡೆಲ್ಬರ್ಟ್ ರಕ್‌ಮನ್. ವಯಸ್ಸು ಐವತ್ತೊಂಬತ್ತು. ಸುತ್ತಲ ಚರ್ಚು, ಶಾಲೆಗಳ ಪಿಯಾನೊಗಳ ಶ್ರುತಿ ಸರಿಮಾಡುವುದು ಕಸುಬು. ಧಣಿಯೂ ಅವನೇ, ಆಳೂ ಅವನೇ. ಆಳಿಗೆ ಆರೋಗ್ಯ ವಿಮೆ ಮಾಡಿಸಿಕೊಡುವಷ್ಟು ಒಳ್ಳೆಯ ಧಣಿಯಾಗಿ ಅವನು ಉಳಿದಿರಲಿಲ್ಲ.

ಮೂರು ವರ್ಷದ ಹಿಂದೆ ಅವನ ವಿಮೆಯ ಕಂತು ತಿಂಗಳಿಗೆ ಆರುನೂರ ನಲವತ್ತು ಡಾಲರಿಗೆ ಏರಿತು. ಆ ಕಾಗದ ಮಧ್ಯಾಹ್ನದ ಟಪಾಲಿನಲ್ಲಿ ಬಂತು. ಸಂಜೆಯೊಳಗೆ ಡೆಲ್ಬರ್ಟನಿಗೆ ಒಂದು ತತ್ವ ಹೊಳೆಯಿತು. ಸ್ವತಂತ್ರ ದೇಶದ ಪ್ರಜೆ ತನಗೆ ಬೇಡದ್ದನ್ನು ಕೊಳ್ಳಬೇಕಾಗಿಲ್ಲ ಎಂಬುದೇ ಆ ತತ್ವ. ಕಾಗದಕ್ಕೂ ತತ್ವಕ್ಕೂ ಇರುವ ನಂಟು ಅವನಿಗೆ ತಿಳಿಯದ್ದೇನಲ್ಲ. ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ಕಾಣುವ ಮನುಷ್ಯನ ಹತ್ತಿರ ಅದನ್ನು ಒಪ್ಪಿಕೊಂಡೂ ಇದ್ದ. ಆದರೆ 'ನನ್ನ ಕೈಲಾಗೋದಿಲ್ಲ' ಎಂದವನಿಗೆ ಊರಲ್ಲಿ ಕನಿಕರ ಸಿಗುತ್ತದೆ, 'ನಾನು ಒಪ್ಪೋದಿಲ್ಲ' ಎಂದವನಿಗೆ ವೇದಿಕೆ ಸಿಗುತ್ತದೆ. ಡೆಲ್ಬರ್ಟ್ ವಿಮೆಯನ್ನು ಬಿಟ್ಟು ವೇದಿಕೆಯನ್ನು ಆರಿಸಿಕೊಂಡ.

ಅಷ್ಟರಲ್ಲಿ ಸರ್ಕಾರವೇ ಒಂದು ಕಾನೂನು ಮಾಡಿತು. ಎಲ್ಲರೂ ಆರೋಗ್ಯ ವಿಮೆ ಮಾಡಿಸಬೇಕು. ಮಾಡಿಸದವರು ಆದಾಯ ತೆರಿಗೆಯ ಜೊತೆಗೆ ಒಂದಿಷ್ಟು ದಂಡ ಕಟ್ಟಬೇಕು. ವಿಷಯ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ತೀರ್ಪು ಬಂದದ್ದು 2012ರ ಜೂನ್ ಇಪ್ಪತ್ತೆಂಟರ ಗುರುವಾರ ಬೆಳಿಗ್ಗೆ. ಡೆಲ್ಬರ್ಟ್ ಆಗ ಮೆಥೊಡಿಸ್ಟ್ ಚರ್ಚಿನ ಪಿಯಾನೊದೊಳಗೆ ತಲೆ ಹಾಕಿಕೊಂಡಿದ್ದ. ಹೆಂಡತಿ ನೇಡಿನ್ ಮನೆಯಿಂದ ಫೋನು ಮಾಡಿದಳು.

"ಟಿವೀಲಿ ಬಂತು. ನೀನು ಗೆದ್ದೆಯಂತೆ. ಕಾನೂನು ಬಿದ್ದುಹೋಯ್ತಂತೆ."

ಡೆಲ್ಬರ್ಟ್ ಅರ್ಧ ಶ್ರುತಿಯಾಗಿದ್ದ ಪಿಯಾನೊದ ಮೇಲೆ ಒಂದು ಸ್ತೋತ್ರ ನುಡಿಸಿದ. ಮೂರನೇ ಚರಣಕ್ಕೆ ಬರುವಷ್ಟರಲ್ಲಿ ಮತ್ತೆ ಫೋನು ಬಂತು.

"ಟಿವಿಯವರು ಮೊದಲ ಎರಡು ಪುಟ ಓದಿ ಹೇಳಿಬಿಟ್ಟಿದ್ರಂತೆ. ಮುಂದಿನ ಪುಟಗಳಲ್ಲಿ ನೀನು ಸೋತಿದೀಯ."

"ಸೋತಿದ್ದು ಹೇಗೆ?"

"ಅದು ದಂಡ ಅಲ್ಲ, ತೆರಿಗೆಯಂತೆ. ತೆರಿಗೆ ಹಾಕೋ ಅಧಿಕಾರ ಸರ್ಕಾರಕ್ಕಿದೆಯಲ್ಲ. ಹಾಗಾಗಿ ಕಾನೂನು ಸರಿಯಂತೆ."

"ತೆರಿಗೆ ಆದ್ರೆ, ಕಟ್ಟೋಕೆ ಮುಂಚೆ ಕೇಸು ಹಾಕೋ ಹಾಗೇ ಇಲ್ವಲ್ಲ."

"ಅದಕ್ಕೇ ಕೇಸು ಕೇಳೋ ಮಟ್ಟಿಗೆ ಅದು ತೆರಿಗೆ ಅಲ್ವಂತೆ. ತೀರ್ಪು ಕೊಡೋ ಮಟ್ಟಿಗೆ ತೆರಿಗೆಯಂತೆ. ಬರ್ತಾ ಹಾಲು ತಗೊಂಡು ಬಾ."

ಡೆಲ್ಬರ್ಟ್ ಫೋನು ಕೆಳಗಿಟ್ಟ. ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದೂ ಇಂಥದೊಂದು ತನಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು.

ಸಂಘದ ಸಭೆ ಅದೇ ಸಂಜೆ ಏಳಕ್ಕೆ, ಚರ್ಚಿನ ನೆಲಮಾಳಿಗೆಯಲ್ಲಿ. ವಿಷಯ: 'ಸದನದ ಅಭಿಪ್ರಾಯದಲ್ಲಿ ಇದು ದಂಡವೇ ಹೊರತು ತೆರಿಗೆಯಲ್ಲ.' ಪರವಾಗಿ ಡೆಲ್ಬರ್ಟ್. ವಿರೋಧವಾಗಿ ಲೊರೆಟಾ ಫೆಂಕ್, ಮೂವತ್ತು ವರ್ಷದ ಸರ್ವಿಸಿನ ನರ್ಸು. ಅಧ್ಯಕ್ಷರು ವೆಂಡೆಲ್ ಆಪ್, ಎಂಬತ್ತೊಂದು ವರ್ಷದ ನಿವೃತ್ತ ಪೋಸ್ಟ್‌ಮಾಸ್ಟರ್. ತೂಕ ಕಾಲು ಔನ್ಸ್ ಹೆಚ್ಚಾದ ಕಾಗದವನ್ನು ಸ್ವಂತ ತಂಗಿಯದ್ದಾದರೂ ಮುಂದಕ್ಕೆ ಕಳಿಸಿದವರಲ್ಲ. ಹಾಜರಿದ್ದ ಸದಸ್ಯರು ಹದಿನಾರು. ನೇಡಿನ್ ಸದಸ್ಯಳಲ್ಲ, ಪಕ್ಕದ ಅಡುಗೆಕೋಣೆಯಲ್ಲಿ ಚೆರ್ರಿ ಹಣ್ಣಿನ ಪೈ ಕೊಯ್ಯುತ್ತಿದ್ದಳು.

ಡೆಲ್ಬರ್ಟನಿಗೆ ಹನ್ನೆರಡು ನಿಮಿಷ. ಭಾಷಣ ಏಳು ಪುಟ. ನಾಲ್ಕನೇ ಪುಟದಲ್ಲಿ ಎದೆಯೊಳಗೆ ಏನೋ ಹಿಂಡಿದಂತಾಯಿತು. ತನ್ನ ಮಾತಿನ ಬಲಕ್ಕೆ ತನ್ನ ಎದೆಯೇ ಕಲಕಿತೆಂದು ಅವನು ತಿಳಿದ. ಧ್ವನಿಯನ್ನು ಇನ್ನಷ್ಟು ಏರಿಸಿದ. ಹಿಂಡುವುದು ಭುಜಕ್ಕೆ ಇಳಿಯಿತು, ಭುಜದಿಂದ ಎಡಗೈಗೆ ಹರಿಯಿತು, ಹಣೆಯಲ್ಲಿ ತಣ್ಣನೆಯ ಬೆವರು ಬಂತು. ಭಾಷಣದ ಪರಿಣಾಮ ಅಷ್ಟು ದೂರ ಹೋಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು. "ಆರೋಗ್ಯವಂತ ಪ್ರಜೆ ತನ್ನ ದೇಹದ ಹೊಣೆಯನ್ನು ತಾನೇ ಹೊರಬಲ್ಲ" ಎಂಬ ವಾಕ್ಯದ ನಡುವೆ ಎರಡೂ ಕೈಯಿಂದ ಮೇಜನ್ನು ಹಿಡಿದುಕೊಂಡ.

ಲೊರೆಟಾ ಎದ್ದು ನಿಂತಳು. "ಅಧ್ಯಕ್ಷರೇ, ಕ್ರಿಯಾಲೋಪ. ಈ ಮನುಷ್ಯನಿಗೆ ಹಾರ್ಟ್ ಅಟ್ಯಾಕ್ ಆಗ್ತಾ ಇದೆ."

"ನಿಮ್ಮ ಸರದಿ ಇನ್ನೂ ಬಂದಿಲ್ಲ, ಲೊರೆಟಾ," ಎಂದರು ವೆಂಡೆಲ್. "ಬೆಂಕಿ ಇದೆಯಾ?"

"ಇಲ್ಲ."

"ಸುಂಟರಗಾಳಿ?"

"ಅವನ ಮುಖ ನೋಡಿ, ಬೂದಿ ಬಣ್ಣ ಬಂದಿದೆ."

"ಮುಖದ ಬಣ್ಣ ಕಲಮಿನಲ್ಲಿ ಇಲ್ಲ." ವೆಂಡೆಲ್ ಕಾಫಿ ಪಾತ್ರೆಯ ಮುಚ್ಚಳ ತೆಗೆಸಿ ನೋಡಿದರು. ಅರ್ಧಕ್ಕೂ ಹೆಚ್ಚಿತ್ತು. ಇಬ್ಬರು ಸದಸ್ಯರು ಡೆಲ್ಬರ್ಟನ ಮೇಲಿನ ಪ್ರೀತಿಯಿಂದ ಬೇಗ ಬೇಗ ಕುಡಿಯಲು ತೊಡಗಿದರು. ಆದರೆ ಕಾಫಿ ಬಿಸಿಯಿತ್ತು.

ನೇಡಿನ್ ಪೈ ಚಾಕು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಆಂಬುಲೆನ್ಸಿಗೆ ಫೋನ್ ಮಾಡ್ತೀನಿ."

"ಬೇಡ," ಎಂದ ಡೆಲ್ಬರ್ಟ್. "ಕೌಂಟಿಯಲ್ಲಿ ಇರೋದೇ ಒಂದು, ಬರೋಕೆ ನಲವತ್ತು ನಿಮಿಷ. ಅದಕ್ಕೆ ಎರಡು ಸಾವಿರ ಡಾಲರ್ ಬೇರೆ."

"ನನ್ನ ಗಾಡಿ ಬಾಗಿಲಲ್ಲೇ ಇದೆ," ಎಂದಳು ಲೊರೆಟಾ. ಪರ್ಸಿನಿಂದ ಐದು ಡಾಲರಿನ ನೋಟು ತೆಗೆದು ಅಧ್ಯಕ್ಷರ ಮುಂದಿಟ್ಟಳು. "ತಗೊಳ್ಳಿ. ಈಗ ತಡೀತಾ ಇದೀನಿ."

ಸಭೆಗೆ ಸಮಾಧಾನವಾಯಿತು. ವೆಂಡೆಲ್ ಮಾತ್ರ ನೋಟನ್ನು ಮುಟ್ಟಲಿಲ್ಲ.

"ಈ ಐದು ಡಾಲರ್ ಏನು ಅಂತ ನಡಾವಳಿ ಪುಸ್ತಕದಲ್ಲಿ ಬರೀಬೇಕಾಗುತ್ತೆ," ಎಂದರು. "ಕಲಮಿನಲ್ಲಿ 'ಕೊಡತಕ್ಕದ್ದು' ಅಂತ ಮಾತ್ರ ಇದೆ. ದಂಡ ಅಂತಾದ್ರೆ ಲೊರೆಟಾ ತಪ್ಪು ಮಾಡಿದ ಹಾಗಾಯ್ತು. ತಪ್ಪು ಮಾಡಿದವರು ಒಬ್ಬರೇ ಸಭೆಯಿಂದ ಆಚೆ ಹೋಗಿ, ಭಾಷಣ ಮುಗಿಯೋತನಕ ಅಲ್ಲೇ ಇರಬೇಕು. ತೆರಿಗೆ ಅಂತಾದ್ರೆ ತಪ್ಪೇ ಇಲ್ಲ. ತಡೆಯೋದು ಅವರ ಹಕ್ಕು, ಅದಕ್ಕೆ ಕಟ್ಟಿದಾರೆ. ಇವನನ್ನ ಎತ್ತಿಕೊಂಡೂ ಹೋಗಬಹುದು. ಕಲಮಿನ ಅರ್ಥ ಹೇಳೋ ಅಧಿಕಾರ ಕಾರ್ಯದರ್ಶಿಯದು. ಹೇಳಪ್ಪ, ಡೆಲ್ಬರ್ಟ್."

ಎಲ್ಲರ ಮುಖಗಳೂ ಅವನ ಕಡೆ ತಿರುಗಿದವು. ಯಾರ ಮುಖದಲ್ಲೂ ಕುಚೋದ್ಯವಿರಲಿಲ್ಲ. ನಿಯಮ ಅವರಿಗೆಲ್ಲ ಸರಿಯಾಗಿಯೇ ಕಂಡಿತ್ತು. ಬೇರೆ ಯಾರಾದರೂ ಮೇಜಿನ ಹಿಂದೆ ನಿಂತಿದ್ದರೆ ಡೆಲ್ಬರ್ಟನಿಗೂ ಸರಿಯಾಗಿಯೇ ಕಾಣುತ್ತಿತ್ತು.

"ಡೆಲ್ಬರ್ಟ್," ಎಂದಳು ನೇಡಿನ್, "ತೆರಿಗೆ ಅನ್ನು."

"ನಾಲ್ಕು ಪುಟ ದಂಡ ದಂಡ ಅಂತ ಹೇಳಿದೀನಿ ಕಣೇ."

"ಐದನೇ ಪುಟ ಓದೋಕೆ ನೀನಿರಲ್ಲ."

ಅವಳು ಬಂದು ಪೈ ಚಾಕುವನ್ನು ಆ ಪುಟದ ಮೇಲಿಟ್ಟಳು. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಅವಳು ಅವನ ಭಾಷಣಕ್ಕೆ ಅಡ್ಡ ಬಂದಿರಲಿಲ್ಲ. ಅವನಿಗೆ ಬದುಕಬೇಕೆನಿಸಿತು. ಪ್ರಾಣದ ಆಸೆ ತತ್ವವನ್ನು ಪಕ್ಕಕ್ಕೆ ಸರಿಸಲು ಅರ್ಧ ನಿಮಿಷವನ್ನೂ ತೆಗೆದುಕೊಳ್ಳಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಕಂತಿನ ಕಾಗದ ಬಂದ ದಿನ ತತ್ವ ಬರಲು ಅರ್ಧ ದಿನವಾದರೂ ಹಿಡಿದಿತ್ತು.

"ತೆರಿಗೆ," ಎಂದ.

"ಸ್ವಲ್ಪ ಜೋರಾಗಿ. ಈ ಕಿವಿ ಕೇಳ್ಸಲ್ಲ," ಎಂದರು ವೆಂಡೆಲ್.

"ತೆರಿಗೆ."

"ಹಾಗಂತ ಬರೆದುಕೊಳ್ಳಲಾಗಲಿ."

ಬರೆದುಕೊಳ್ಳುವುದು ಕಾರ್ಯದರ್ಶಿಯ ಕೆಲಸ. ಡೆಲ್ಬರ್ಟ್ ಬರೆದುಕೊಂಡ. ಪುಣ್ಯಕ್ಕೆ ನೋಯುತ್ತಿದ್ದದ್ದು ಎಡಗೈ.

ಆಸ್ಪತ್ರೆ ಇಪ್ಪತ್ತೆರಡು ಮೈಲಿ. ಲೊರೆಟಾ ಗಾಡಿ ಹತ್ತಿಸುತ್ತಲೇ ಅವನ ಬಾಯಿಗೆ ಆಸ್ಪಿರಿನ್ ಹಾಕಿ ಅಗಿಯಲು ಹೇಳಿದಳು. ಆಸ್ಪತ್ರೆಗೆ ಫೋನು ಮಾಡಿ ಬಾಗಿಲಲ್ಲೇ ಕಾಯಲು ಹೇಳಿದಳು. ಅವನು ಅಗಿಯುತ್ತಲೇ ಐದನೇ ಪುಟದ ಸಾರಾಂಶ ಹೇಳಲು ಹೊರಟ.

"ಬಾಯಿ ಮುಚ್ಕೊಂಡು ಕೂತ್ಕೋ," ಎಂದಳು. "ನನ್ನ ಭಾಷಣ ಇನ್ನೂ ಶುರುವೇ ಆಗಿಲ್ಲ. ನಿನ್ನ ದೆಸೆಯಿಂದ ನಾನು ಸೋಲೋ ಹಾಗಾಯ್ತು."

ಆಸ್ಪತ್ರೆಯವರು ಅವನ ರಕ್ತನಾಳದಲ್ಲಿ ಒಂದು ಸಣ್ಣ ಸ್ಟೆಂಟ್ ಕೂರಿಸಿದರು. ಮರುದಿನ ಒಬ್ಬ ಹೆಂಗಸು ಫಾರಂ ತಂದಳು. 'ವಿಮೆ ಇಲ್ಲದಿದ್ದಲ್ಲಿ ಕಾರಣ' ಎಂಬ ಜಾಗದಲ್ಲಿ ಡೆಲ್ಬರ್ಟ್ 'ತತ್ವ' ಎಂದು ತುಂಬಿದ. ಅವಳು ಕಂಪ್ಯೂಟರಿನಲ್ಲಿ ಹುಡುಕಿ, ತತ್ವಕ್ಕೆ ಕೋಡ್ ಇಲ್ಲ, ಬಡತನಕ್ಕೆ ಇದೆ, ಅದಕ್ಕೆ ಅರುವತ್ತು ಪರ್ಸೆಂಟ್ ರಿಯಾಯಿತಿಯೂ ಇದೆ ಎಂದಳು. ಡೆಲ್ಬರ್ಟ್ ಕಿಟಕಿಯ ಕಡೆ ನೋಡಿದ. ನೇಡಿನ್ ಫಾರಮನ್ನು ತನ್ನ ಕಡೆ ಎಳೆದುಕೊಂಡು ಆ ಪದವನ್ನು ಹೊಡೆದುಹಾಕಿ ಬೇರೆ ಪದ ಬರೆದಳು. ಅಷ್ಟಾಗಿಯೂ ಉಳಿದ ಬಿಲ್ಲು ಇಪ್ಪತ್ತೆಂಟು ಸಾವಿರ.

ಮೂರನೆಯ ದಿನ ವೆಂಡೆಲ್ ಹೂಗುಚ್ಛ ಹಿಡಿದುಕೊಂಡು ಬಂದರು.

"ನೀನು ಗೆದ್ದೆ ಕಣಯ್ಯ. ಉಳಿದ ಪುಟಗಳನ್ನ ನಾನೇ ಓದಿದೆ. ಎದುರಾಳಿ ಗೈರುಹಾಜರು. ಹದಿನಾಲ್ಕು ಮತ ನಿನಗೆ, ವಿರುದ್ಧ ಒಂದೂ ಇಲ್ಲ. ಅದು ದಂಡ ಅಂತ ಸದನ ಒಪ್ಪಿತು."

"ಆದ್ರೆ ನಡಾವಳೀಲಿ ತೆರಿಗೆ ಅಂತಿದೆಯಲ್ಲ, ನನ್ನ ಕೈಬರಹದಲ್ಲೇ."

"ಅದಕ್ಕೊಂದು ಟಿಪ್ಪಣಿ ಹಾಕಿದೀವಿ. ಚರ್ಚೆಯ ಮಟ್ಟಿಗೆ ದಂಡ, ನಿನ್ನ ಹೃದಯದ ಮಟ್ಟಿಗೆ ತೆರಿಗೆ. ಯಾರೂ ತಕರಾರು ಮಾಡಲಿಲ್ಲ. ದೊಡ್ಡ ಕೋರ್ಟೇ ಹಾಗೆ ಮಾಡಿರುವಾಗ ನಮ್ಮದೇನು."

ಡೆಲ್ಬರ್ಟನಿಗೆ ಬಹಳ ಸಂತೋಷವಾಯಿತು. ಸಂತೋಷ ಪಡಬಾರದೆಂದು ಡಾಕ್ಟರು ಹೇಳಿರಲಿಲ್ಲ.

ಬಿಲ್ಲಿಗೆ ಹಣ ಕೂಡಿಸಲು ಊರವರು ಆಗಸ್ಟಿನಲ್ಲಿ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಸ್ಪಘೆಟ್ಟಿ ಊಟ ಇಟ್ಟರು. ಅಂಥ ಕಷ್ಟ ಯಾರಿಗೆ ಬಂದರೂ ಪೆಟ್ರಿಸ್‌ವಿಲ್‌ನಲ್ಲಿ ಸ್ಪಘೆಟ್ಟಿ ಬೇಯಿಸುವುದು ವಾಡಿಕೆ. ತಲೆಗೆ ಹತ್ತು ಡಾಲರ್. ಆದರೆ ಆ ತಿಂಗಳು ಒಬ್ಬರಿಗೆ ಸೊಂಟದ ಆಪರೇಷನ್, ಇನ್ನೊಂದು ಮನೆಯಲ್ಲಿ ಅವಳಿ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದ್ದವು. ಮೂರು ಶನಿವಾರ ಮೂರು ಊಟ. ಮೂರನೆಯದಕ್ಕೆ ಬಂದವರು ಇಪ್ಪತ್ತಾರೇ ಜನ. ಅವರಲ್ಲಿ ಬಹುಪಾಲು ಮುಂದೆ ತಮಗೊಂದು ಊಟ ಬೇಕಾದೀತೆಂದು ಬಂದ ಕಾಯಿಲೆಯವರು.

ಇದಕ್ಕೊಂದು ದಾರಿ ಕಾಣಲು ಊರವರ ಸಭೆ ಕರೆದವನು ಡೆಲ್ಬರ್ಟ್. ತನ್ನ ಎಡಗೈ ನೆನೆದರೆ ಈಗಲೂ ಅವನಿಗೆ ಭಯವಾಗುತ್ತಿತ್ತು. ಅವಳಿ ಮಕ್ಕಳನ್ನು ಅವನು ಗಾಜಿನ ಆಚೆಯಿಂದ ನೋಡಿ ಬಂದಿದ್ದ; ಒಂದೊಂದೂ ಅವನ ಅಂಗೈಯಷ್ಟಿತ್ತು.

"ಹುಷಾರಾಗಿರೋರು ಊಟಕ್ಕೆ ಬರ್ತಿಲ್ಲ," ಎಂದ. "ಕಾಯಿಲೆಯವರು ಮಾತ್ರ ಬಂದ್ರೆ ಪಾತ್ರೆ ತುಂಬೋದು ಹೇಗೆ? ಪ್ರತಿ ಮನೆಯವರೂ ತಿಂಗಳಿಗೆ ಹತ್ತು ಡಾಲರ್ ಕೊಡಬೇಕು. ಉಣ್ಣಲಿ ಬಿಡಲಿ, ಹುಷಾರಿರಲಿ ಬಿಡಲಿ. ಆವಾಗ ಯಾರು ಬಿದ್ದರೂ ಎತ್ತೋದಕ್ಕೆ ಆಗುತ್ತೆ."

"ಕೊಡದೆ ಇದ್ದೋರಿಗೆ?" ಎಂದರು ವೆಂಡೆಲ್.

"ಅವರಿಗೆ ಹದಿನೈದು."

ಲೊರೆಟಾ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಎಲ್ಲರಿಗಿಂತ ಮೊದಲು ಕೈ ಎತ್ತಿ ಪರವಾಗಿ ಮತ ಹಾಕಿದಳು. ಗೊತ್ತುವಳಿ ಸರ್ವಾನುಮತದಿಂದ ಪಾಸಾಯಿತು. ವಸೂಲಿ ಸಮಿತಿಗೆ ಡೆಲ್ಬರ್ಟನೇ ಅಧ್ಯಕ್ಷ.

ಅಕ್ಟೋಬರಿನ ಹೊತ್ತಿಗೆ ಊರಿನಲ್ಲಿ ಸೇರದೆ ಉಳಿದಿದ್ದವನು ಒಬ್ಬನೇ. ಶಾಲೆಗೆ ಹೊಸದಾಗಿ ಬಂದ ವ್ಯಾಯಾಮದ ಮೇಷ್ಟ್ರು ಟಾಡ್ ಯಾರ್ನೆಲ್, ಇಪ್ಪತ್ತಾರರ ಕಟ್ಟುಮಸ್ತಾದ ಆಳು. ಡೆಲ್ಬರ್ಟ್ ನೇಡಿನ್‌ಳನ್ನು ಕರೆದುಕೊಂಡು ಅವನ ಮನೆಗೆ ಹೋದ.

"ನನಗೇನೂ ಕಾಯಿಲೆ ಇಲ್ಲ ಸಾರ್," ಎಂದ ಟಾಡ್. "ಸ್ಪಘೆಟ್ಟಿ ಸೇರೋದೂ ಇಲ್ಲ. ಕೊಡಲೇಬೇಕಾ?"

"ನಿನ್ನಿಷ್ಟ ಕಣಪ್ಪ. ಇದು ಸ್ವತಂತ್ರ ದೇಶ. ಸೇರಿದ್ರೆ ಹತ್ತು, ಸೇರದಿದ್ರೆ ಹದಿನೈದು."

"ಸರ್ಕಾರದವರೂ ಇದನ್ನೇ ತಾನೇ ಹೇಳ್ತಿರೋದು?"

ನೇಡಿನ್ ಗಂಡನ ಮುಖ ನೋಡಿದಳು. ಈ ಪ್ರಶ್ನೆಯನ್ನು ಬೇರೆ ಯಾರಾದರೂ ಕೇಳಲಿ ಎಂದು ಅವಳು ಎರಡು ತಿಂಗಳಿಂದ ಕಾಯುತ್ತಿದ್ದಳು.

"ಸರ್ಕಾರದ್ದು ಬಲವಂತ," ಎಂದ ಡೆಲ್ಬರ್ಟ್. "ನಮ್ಮದು ಊಟ."

ಟಾಡ್ ಯೋಚಿಸಿದ. ಅದರಲ್ಲಿ ತಪ್ಪೇನೂ ಅವನಿಗೆ ಕಾಣಲಿಲ್ಲ. ಒಳಗೆ ಹೋಗಿ ಹತ್ತು ಡಾಲರ್ ತಂದುಕೊಟ್ಟ. ಹೇಗೂ ಕೊಟ್ಟದ್ದಾಯಿತು, ಮುಂದಿನ ಊಟ ಯಾವತ್ತು ಅಂತ ಕೇಳಿದ.

"ಈ ಶನಿವಾರ, ಆರು ಗಂಟೆಗೆ," ಎಂದು ಡೆಲ್ಬರ್ಟ್ ರಸೀತಿ ಹರಿದುಕೊಟ್ಟ. "ಏಳಕ್ಕೆ ಕಡ್ಡಾಯ ವಿಮೆಯ ವಿರುದ್ಧ ನನ್ನ ಭಾಷಣ ಇದೆ. ಎಲ್ಲರೂ ಇರಲೇಬೇಕು."